ಲಂಗರು ಎಲ್ಲಿ, ಸರಪಳಿ ಎಷ್ಟು, ಎತ್ತುವುದು ಯಾವಾಗ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಪಣಂಬೂರಿನ ದಂಡೆಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ ನವಮಂಗಳೂರು ಬಂದರಿನೊಳಗೆ ಬರಲು ಸರದಿ ಕಾಯುತ್ತಿರುವ ಹಡಗುಗಳು ಕಾಣುತ್ತವೆ. ಹೆಚ್ಚಿನವು ಒಂದೇ ಕಡೆಗೆ ಮುಖ ಮಾಡಿರುತ್ತವೆ. ದಡದಿಂದ ನೋಡುವವರಿಗೆ ಅಲ್ಲಿ ಕೆಲಸವೇ ಇಲ್ಲ ಅನ್ನಿಸುತ್ತದೆ. ಆದರೆ ಆ ಒಂದೊಂದು ಹಡಗಿನ ಬ್ರಿಡ್ಜಿನಲ್ಲೂ, ಅಂದರೆ ಹಡಗು ನಡೆಸುವ ಕೋಣೆಯಲ್ಲೂ, ಒಬ್ಬ ಅಧಿಕಾರಿ ಕಾವಲಿದ್ದಾನೆ. ಹಡಗು ಲಂಗರಿನ ಸುತ್ತ ತಾನು ತಿರುಗುವ ವೃತ್ತದೊಳಗೇ ಇದೆಯೇ, ಗಾಳಿ ಏರಿತೇ, ಪಕ್ಕದ ಹಡಗು ಹತ್ತಿರ ಬಂತೇ ಎಂದು ನೋಡುತ್ತಲೇ ಇದ್ದಾನೆ. ಆ ನಿಲುಗಡೆ ಹೇಗೆ ಸಾಧ್ಯವಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇವತ್ತು ನೋಡೋಣ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ತೆರೆದ ಕಡಲಿನ ಬಿರುಗಾಳಿಯಲ್ಲಿ ಹಡಗನ್ನು ಹಿಡಿದಿಡಲೆಂದು ಯಾರೂ ಲಂಗರನ್ನು ಮಾಡಿಲ್ಲ. ಹಡಗುಗಳಿಗೆ ದರ್ಜೆ ಕೊಡುವ ವರ್ಗೀಕರಣ ಸಂಸ್ಥೆಗಳ ಸಾಮಾನ್ಯ ನಿಯಮದಲ್ಲೇ ಇದು ಬರೆದಿದೆ: ಲಂಗರಿನ ಸಾಮಗ್ರಿ ಬಂದರಿನಲ್ಲೋ ಮರೆಯಿರುವ ನೀರಿನಲ್ಲೋ ಸರದಿಗಾಗಿ, ಉಬ್ಬರಕ್ಕಾಗಿ ಸ್ವಲ್ಪ ಹೊತ್ತು ಕಾಯುವುದಕ್ಕೆ. ಅಳತೆ ನಿಗದಿಪಡಿಸುವಾಗ ಹಿಡಿಯುವ ಲೆಕ್ಕ ಸೆಕೆಂಡಿಗೆ 25 ಮೀಟರ್ ಗಾಳಿ, 2.5 ಮೀಟರ್ ನೀರಿನ ಸೆಳೆತ, ಆಳದ 6ರಿಂದ 10 ಪಟ್ಟು ಸರಪಳಿ. ಈ ಲೆಕ್ಕದಲ್ಲಿ ಅಲೆ ಇಲ್ಲ. ಅಲೆಯನ್ನೂ ಸೇರಿಸಿಕೊಂಡರೆ, 135 ಮೀಟರಿಗಿಂತ ಉದ್ದದ ಹಡಗಿಗೆ ಅದೇ ಲಂಗರು ಸಾಲುವುದು 2 ಮೀಟರ್ ಅಲೆ, ಸೆಕೆಂಡಿಗೆ 11 ಮೀಟರ್ ಗಾಳಿ, 1.54 ಮೀಟರ್ ಸೆಳೆತದ ತನಕ ಮಾತ್ರ. 11 ಮೀಟರ್ ಎಂದರೆ ಸುಮಾರು 21 ನಾಟ್ (ಗಂಟೆಗೆ ಒಂದು ನಾಟಿಕಲ್ ಮೈಲು ಒಂದು ನಾಟ್). ಮುಂಗಾರಿನಲ್ಲಿ ನಮ್ಮ ಕರಾವಳಿಯ ಹೊರಗೆ ಇದಕ್ಕಿಂತ ಜೋರು ಗಾಳಿ, ಇದಕ್ಕಿಂತ ಎತ್ತರದ ಅಲೆ ಎರಡೂ ಸಾಮಾನ್ಯ.

ಈಗ ಸಾಮಗ್ರಿಗೆ ಬರೋಣ. 225 ಮೀಟರ್ ಉದ್ದದ, ಕಲ್ಲಿದ್ದಲು ಹೊರುವ ಹಡಗೊಂದನ್ನು ಇಟ್ಟುಕೊಂಡು ಮಾತಾಡುತ್ತೇವೆ. ಅದರ ಮುಂಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಲಂಗರು. ಒಂದೊಂದೂ ಸುಮಾರು 10 ಟನ್. ನಡುವಿನ ದಂಡ, ಬುಡದ ಕಿರೀಟ, ಕಿರೀಟದಲ್ಲಿ ತಿರುಗುವ ಎರಡು ರೆಕ್ಕೆ. ಲಂಗರು ತಳ ಮುಟ್ಟಿದ ಮೇಲೆ ಸರಪಳಿ ಅಡ್ಡಕ್ಕೆ ಎಳೆದರೆ ರೆಕ್ಕೆಗಳು ಕೆಳಮುಖವಾಗಿ ವಾಲಿ ನೆಲಕ್ಕೆ ನಾಟುತ್ತವೆ. ನೇಗಿಲಿನ ಹಾಗೆಯೇ ಇದು: ಎಳೆತ ನೆಲಕ್ಕೆ ಸಮನಾಗಿದ್ದಷ್ಟು ಹೊತ್ತು ಗುಳ ಮಣ್ಣಿನೊಳಗೆ ಹೋಗುತ್ತದೆ, ಈಸನ್ನು ಮೇಲಕ್ಕೆತ್ತಿದರೆ ಹೊರಗೆ ಬರುತ್ತದೆ. ಒಳ್ಳೆಯ ಕೆಸರಿನಲ್ಲೋ ಮರಳಿನಲ್ಲೋ ಸರಿಯಾಗಿ ನಾಟಿದ ಸಾಮಾನ್ಯ ಲಂಗರು ತನ್ನ ತೂಕದ ಮೂರು-ನಾಲ್ಕು ಪಟ್ಟು ಎಳೆತ ತಡೆಯುತ್ತದೆ. ಅಂದರೆ 10 ಟನ್ನಿನದು ಸುಮಾರು 35 ಟನ್. ಅಗಲ ರೆಕ್ಕೆಯ ಎಸಿ-14 ಮಾದರಿ ತೂಕದಲ್ಲಿ ಕಾಲು ಭಾಗ ಕಡಿಮೆಯಿದ್ದರೂ ಏಳು ಪಟ್ಟಿನವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ.

ಎಳೆತವನ್ನು ನೆಲಕ್ಕೆ ಸಮನಾಗಿ ಇಡುವ ಕೆಲಸ ಸರಪಳಿಯದು. ಇಂಥ ಹಡಗಿನ ಸರಪಳಿಯ ಕೊಂಡಿ 84 ಮಿಲಿಮೀಟರ್ ದಪ್ಪದ ಉಕ್ಕು ಎಂದಿಟ್ಟುಕೊಳ್ಳಿ. ಒಂದು ಮೀಟರ್ ಉದ್ದಕ್ಕೆ ಸುಮಾರು 154 ಕಿಲೋ ತೂಕ. ಸರಪಳಿಯನ್ನು ಶ್ಯಾಕಲ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಶ್ಯಾಕಲ್ 27.5 ಮೀಟರ್, ಅಂದರೆ ಹೆಚ್ಚುಕಡಿಮೆ 4 ಟನ್. ಆರು ಶ್ಯಾಕಲ್ ಬಿಟ್ಟರೆ 25 ಟನ್, ಲಂಗರಿನ ಎರಡೂವರೆ ಪಟ್ಟು. ಈ ತೂಕದಿಂದಲೇ ಸರಪಳಿ ನೀರಿನಲ್ಲಿ ಜೋತುಬಿದ್ದು, ಕೊನೆಯ ಭಾಗ ತಳದ ಮೇಲೆ ಮಲಗುತ್ತದೆ. ಅಲೆ ಹಡಗನ್ನು ಎತ್ತಿ ಎಳೆದಾಗ ಮೊದಲು ಆ ಜೋತು ಕಡಿಮೆಯಾಗುತ್ತದೆ, ಹೊಡೆತ ಲಂಗರಿಗೆ ತಟ್ಟುವಷ್ಟರಲ್ಲಿ ಮೆತ್ತಗಾಗಿರುತ್ತದೆ.

ಎಷ್ಟು ಸರಪಳಿ ಬಿಡಬೇಕು? ಆಳವನ್ನು ಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲದ ಒಂದೂವರೆ ಪಟ್ಟು ಶ್ಯಾಕಲ್ ಎಂಬುದು ಹಳೆಯ ಸೂತ್ರ. ಆಳ 25 ಮೀಟರಾದರೆ ಏಳೂವರೆ ಶ್ಯಾಕಲ್. ಜಪಾನಿನ ಸೂತ್ರ ಗಾಳಿಯನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ: ಗಾಳಿ ಸೆಕೆಂಡಿಗೆ 20 ಮೀಟರಿನ ತನಕವಿದ್ದರೆ ಆಳದ ಮೂರು ಪಟ್ಟಿಗೆ 90 ಮೀಟರ್ ಕೂಡಿಸಿ, 30 ಮೀಟರಿನ ತನಕ ಏರಿದರೆ ಆಳದ ನಾಲ್ಕು ಪಟ್ಟಿಗೆ 145 ಮೀಟರ್ ಕೂಡಿಸಿ. 25 ಮೀಟರ್ ಆಳಕ್ಕೆ ಮೊದಲನೆಯದು 165 ಮೀಟರ್, ಆರು ಶ್ಯಾಕಲ್. ಎರಡನೆಯದು 245 ಮೀಟರ್, ಒಂಬತ್ತು ಶ್ಯಾಕಲ್. ಜಪಾನಿನ ಸೂತ್ರವೇ ಹೆಚ್ಚು ಉಪಯೋಗ ಎಂಬುದು ನಮ್ಮ ಅಭಿಪ್ರಾಯ. ಗಾಳಿ ಲೆಕ್ಕಕ್ಕೇ ಬಾರದ ಸೂತ್ರ ಮುಂಗಾರಿನಲ್ಲಿ ನೆರವಿಗೆ ಬರುವುದಿಲ್ಲ.

ಆರಕ್ಕೂ ಒಂಬತ್ತಕ್ಕೂ ಇರುವ ಅಂತರ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಲೆಕ್ಕ ಮಾಡೋಣ. ಸರಪಳಿ ಹೊರಬೀಳುವ ಕೊಳವೆಯ ಬಾಯಿಯಿಂದ ತಳದ ತನಕ 35 ಮೀಟರ್ ಇದೆ ಅನ್ನಿ. ಅಡ್ಡ ಎಳೆತ 30 ಟನ್ ಆದಾಗ ನೀರಿನಲ್ಲಿ ತೂಗುವ ಸರಪಳಿ ಸುಮಾರು 130 ಮೀಟರ್. ಆರು ಶ್ಯಾಕಲ್ ಬಿಟ್ಟಿದ್ದರೆ ತಳದಲ್ಲಿ ಇನ್ನೂ 35 ಮೀಟರ್ ಮಲಗಿದೆ, ತೊಂದರೆಯಿಲ್ಲ. ಎಳೆತ 60 ಟನ್ನಿಗೆ ಏರಿದರೆ ತೂಗುವ ಭಾಗಕ್ಕೇ 180 ಮೀಟರ್ ಬೇಕು. ನಿಮ್ಮಲ್ಲಿರುವುದು 165. ತಳದಲ್ಲಿ ಏನೂ ಉಳಿಯಲಿಲ್ಲ. ದಂಡ ಮೇಲೇಳುತ್ತದೆ, ರೆಕ್ಕೆ ಕಿತ್ತುಬರುತ್ತದೆ. ಒಂಬತ್ತು ಶ್ಯಾಕಲ್ ಇದ್ದಿದ್ದರೆ ಆಗಲೂ 65 ಮೀಟರಿಗೆ ಮಿಕ್ಕಿ ಮಲಗಿರುತ್ತಿತ್ತು. ಆದರೆ 60 ಟನ್ ಎಂಬುದು 10 ಟನ್ನಿನ ಸಾಮಾನ್ಯ ಲಂಗರಿನ 35 ಟನ್ ಹಿಡಿತವನ್ನು ಯಾವಾಗಲೋ ದಾಟಿದೆ. ಮಲಗಿದ ಸರಪಳಿಯ ಘರ್ಷಣೆ ಸೇರಿದರೂ ಅಷ್ಟು ಸಾಲದು. ಹೆಚ್ಚು ಸರಪಳಿ ಬಿಟ್ಟು ಹಿಡಿತವನ್ನು ಅದರ ಮಿತಿಯ ತನಕ ಪೂರ್ತಿ ಪಡೆಯಬಹುದು, ಆ ಮಿತಿಯನ್ನೇ ದಾಟಲಾಗದು.

ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದನ್ನೂ ಮರೆಯಬಾರದು. 20 ನಾಟ್ 40 ಆದರೆ ಒತ್ತಡ ನಾಲ್ಕು ಪಟ್ಟು. ಖಾಲಿ ಹಡಗು ನೀರಿನ ಮೇಲೆ ಎತ್ತರಕ್ಕೆ ನಿಂತಿರುವುದರಿಂದ ಗಾಳಿಗೆ ಸಿಗುವ ಮೈ ಹೆಚ್ಚು, ಸರಪಳಿಯ ಕೊಳವೆಯೂ ಇನ್ನಷ್ಟು ಮೇಲೆ. ಹಾಗಾಗಿ ಹವೆ ಕೆಡುವ ಮೊದಲೇ ಭಾರಕ್ಕೆಂದು ಬ್ಯಾಲಾಸ್ಟ್ ನೀರು ತುಂಬಿ ಹಡಗನ್ನು ಆದಷ್ಟು ಕೆಳಗಿಳಿಸಬೇಕು.

ಜಾಗ ಆರಿಸುವಾಗ ನಕ್ಷೆಯಲ್ಲಿ ಮೊದಲು ನೋಡುವುದು ತಳ ಎಂಥದ್ದು ಎಂದು. ಜೇಡಿ, ಗಟ್ಟಿ ಕೆಸರು, ಮರಳು ಒಳ್ಳೆಯವು. ತೀರಾ ತೆಳು ಕೆಸರಿನಲ್ಲಿ ಹಿಡಿತ ಕಡಿಮೆ. ಬಂಡೆ, ಹವಳ ಬೇಡವೇ ಬೇಡ; ಲಂಗರು ಒಂದೋ ಜಾರುತ್ತದೆ, ಇಲ್ಲವೇ ಸಂದಿಗೆ ಸಿಕ್ಕಿ ಮೇಲೆ ಬರುವುದೇ ಇಲ್ಲ. ಆಮೇಲೆ ಸಮುದ್ರದಡಿಯ ಕೇಬಲ್, ಕೊಳವೆ ಮಾರ್ಗಗಳು. ಆಮೇಲೆ ಹಡಗು ತಿರುಗುವ ವೃತ್ತ: 165 ಮೀಟರ್ ಸರಪಳಿ, 225 ಮೀಟರ್ ಹಡಗು, ಒಟ್ಟು 390 ಮೀಟರ್ ತ್ರಿಜ್ಯ, ಅದರ ಹೊರಗೆ ಇನ್ನಷ್ಟು ಬಿಡುವು. ಪಕ್ಕದ ಹಡಗಿಗೂ ಅಂಥದ್ದೇ ವೃತ್ತವಿದೆ. ಒಂದು ತುಂಬಿದ ಹಡಗು, ಇನ್ನೊಂದು ಖಾಲಿ ಇದ್ದರೆ ಎರಡೂ ಒಂದೇ ರೀತಿ ತಿರುಗುವುದಿಲ್ಲ. ತುಂಬಿದ್ದು ಸೆಳೆತದ ಮಾತು ಕೇಳುತ್ತದೆ, ಖಾಲಿಯದ್ದು ಗಾಳಿಯದ್ದು.

ದಡ ಯಾವ ಕಡೆಗಿದೆ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕರ್ನಾಟಕದ ಕರಾವಳಿಗೆ ಮುಂಗಾರಿನ ಗಾಳಿ ನೈಋತ್ಯದಿಂದ, ಪಶ್ಚಿಮದಿಂದ ಬರುತ್ತದೆ, ದಡ ಪೂರ್ವಕ್ಕಿದೆ. ಲಂಗರು ಬಿಟ್ಟುಕೊಟ್ಟರೆ ಹಡಗು ಹೋಗುವುದು ನೇರ ದಡಕ್ಕೆ. 2006ರ ಮೇ 30ರಂದು ಓಷನ್ ಸೆರಾಯಾ ಎಂಬ ಹಡಗು ಕಾರವಾರದ ಎದುರಿನ ಓಯ್‌ಸ್ಟರ್ ರಾಕ್ ದ್ವೀಪದ ಬಂಡೆಗಳಿಗೇರಿ ಅದರ ಇಂಧನ ತೈಲ ಕಡಲಿಗೆ ಸೋರಿದಾಗ, ಮುಂಗಾರಿನ ಹೊಸ್ತಿಲಲ್ಲಿ ಈ ದಡ ಎಷ್ಟು ಹತ್ತಿರ ಎಂಬುದನ್ನು ಕಾರವಾರದವರು ಕಣ್ಣಾರೆ ನೋಡಿದರು.

ಇನ್ನು ಲಂಗರು ಇಳಿಸುವ ಕೆಲಸ. ಬರುವ ಮೊದಲೇ ಎಂಜಿನ್ನನ್ನು ಹಿಂದಕ್ಕೂ ಓಡಿಸಿ ನೋಡಿರಬೇಕು. ಮುಂಭಾಗದಲ್ಲಿ ಚೀಫ್ ಆಫೀಸರ್, ಖಲಾಸಿಗಳ ಮುಖ್ಯಸ್ಥನಾದ ಬೋಸನ್, ಒಬ್ಬಿಬ್ಬರು ಖಲಾಸಿಗಳು. ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ ಕಡ್ಡಾಯ. ಸರಪಳಿ ಓಡುವಾಗ ತುಕ್ಕು, ಒಣಗಿದ ಕೆಸರು ಗುಂಡಿನಂತೆ ಹಾರುತ್ತವೆ. ಸರಪಳಿಯ ನೇರಕ್ಕೆ ಯಾರೂ ನಿಲ್ಲಬಾರದು. ಗಾಳಿ, ಸೆಳೆತ ಇವೆರಡರಲ್ಲಿ ಯಾವುದು ಬಲವೋ ಅದಕ್ಕೆ ಮುಖ ಕೊಟ್ಟು ಜಾಗಕ್ಕೆ ಬರಬೇಕು. ಈಗಾಗಲೇ ಅಲ್ಲಿ ನಿಂತಿರುವ, ನಮ್ಮಷ್ಟೇ ಭಾರದ ಹಡಗು ಯಾವ ಕಡೆಗೆ ಮುಖ ಮಾಡಿದೆ ಎಂದು ನೋಡಿದರೆ ಉತ್ತರ ಸಿಗುತ್ತದೆ.

20 ಮೀಟರ್ ಆಸುಪಾಸಿನ ಆಳದಲ್ಲಿ ಬ್ರೇಕ್ ಸಡಿಲಿಸಿ ಲಂಗರನ್ನು ಬೀಳಬಿಡುವುದುಂಟು. ಆಗಲೂ ಮೊದಲು ಸರಪಳಿ ಇಳಿಸಿ ಎತ್ತುವ ಯಂತ್ರವಾದ ವಿಂಡ್‌ಲಾಸಿನ ಗೇರ್ ಹಾಕಿ ಲಂಗರನ್ನು ಕೊಳವೆಯಿಂದ ಹೊರಗಿಳಿಸಿ ನೀರಿನ ಮಟ್ಟಕ್ಕೆ ತಂದು, ಬ್ರೇಕ್ ಬಿಗಿದು, ಗೇರ್ ಬಿಡಿಸಿ, ಆಮೇಲೆ ಬಿಡಬೇಕು. ಅದಕ್ಕಿಂತ ಆಳವಾದರೆ ತಳದ ಹತ್ತಿರದವರೆಗೂ ಗೇರಿನಲ್ಲೇ ಇಳಿಸಬೇಕು. ದೊಡ್ಡ ಹಡಗುಗಳಲ್ಲಿ ಕೊನೆಯ ಶ್ಯಾಕಲ್ಲಿನ ತನಕ ಗೇರಿನಲ್ಲೇ ಬಿಡುವುದು ಒಳ್ಳೆಯದು. ಆಳ ನೀರಿನಲ್ಲಿ ಬೀಳಬಿಟ್ಟರೆ ಲಂಗರಿನ ಜೊತೆಗೆ ಓಡುವ ಸರಪಳಿಯ ತೂಕವೂ ಬ್ರೇಕಿನ ಮೇಲೆ ಬೀಳುತ್ತದೆ. ಲೈನಿಂಗ್ ಕಾದು ಹೊಗೆಯೇಳುತ್ತದೆ, ಹಿಡಿತ ಹೋಗುತ್ತದೆ. ಆಮೇಲೆ ಸರಪಳಿ ಪೂರ್ತಿ ಓಡಿ, ಹಡಗಿಗೆ ಕಟ್ಟಿದ ತನ್ನ ಬುಡವನ್ನೂ ಕಿತ್ತುಕೊಂಡು ಹೋಗುತ್ತದೆ.

ವೇಗದ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ವಿಂಡ್‌ಲಾಸಿನ ನಿಗದಿತ ವೇಗ ನಿಮಿಷಕ್ಕೆ 9 ಮೀಟರ್, ಅಂದರೆ ಸುಮಾರು 0.3 ನಾಟ್. ಗೇರಿನಲ್ಲಿ ಬಿಡುತ್ತಿರುವಾಗ ಹಡಗು ಅದಕ್ಕಿಂತ ಜೋರಾಗಿ ಹಿಂದಕ್ಕೆ ಸರಿದರೆ ಸರಪಳಿ ಬಿಗಿದು, ಸಾವಿರಾರು ಟನ್ ಹಡಗಿನ ಎಳೆತ ಗೇರಿನ ಹಲ್ಲಿಗೂ ಮೋಟಾರಿಗೂ ಬೀಳುತ್ತದೆ. ಬ್ರೇಕಿನಲ್ಲಿ ಬಿಡುವಾಗಲೂ ಅರ್ಧ ನಾಟ್ ಮೀರಬಾರದು. ಒಂದು ನಾಟ್ ಆದರೆ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು. ಹಾಗೆಂದು ಹಡಗು ಪೂರ್ತಿ ನಿಂತಿದ್ದರೂ ಆಗದು, ಸರಪಳಿ ಲಂಗರಿನ ಮೇಲೆಯೇ ರಾಶಿ ಬಿದ್ದು ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ಆಳದ ಒಂದೂವರೆ, ಎರಡು ಪಟ್ಟು ಸರಪಳಿ ಹೋದ ಮೇಲೆ ಬ್ರೇಕ್ ಹಿಡಿದು ಅದು ಮುಂದಕ್ಕೆ ಚಾಚುವುದನ್ನು ನೋಡಬೇಕು, ಆಮೇಲೆ ಸ್ವಲ್ಪ ಸ್ವಲ್ಪ ಬಿಡಬೇಕು. ವೇಗವನ್ನು ಜಿಪಿಎಸ್ ತೋರಿಸುವ, ನೆಲಕ್ಕೆ ಹೋಲಿಸಿದ ಅಂಕಿಯಿಂದಲೇ ನೋಡಬೇಕು.

ಎಷ್ಟು ಸರಪಳಿ ಹೋಯಿತು ಎಂದು ತಿಳಿಯಲು ಶ್ಯಾಕಲ್ಲುಗಳನ್ನು ಸೇರಿಸುವ ಕೊಂಡಿಗೆ ಕೆಂಪು ಬಣ್ಣ ಹಚ್ಚಿರುತ್ತಾರೆ. ಮೂರನೆಯ ಜೋಡಣೆಯಾದರೆ ಅದರ ಎರಡೂ ಬದಿಗೆ ಮೂರು ಮೂರು ಬಿಳಿ ಕೊಂಡಿ, ಮೂರನೆಯ ಕೊಂಡಿಯ ನಡುಗಂಬಕ್ಕೆ ತಂತಿಯ ಸುತ್ತು. ಬಣ್ಣ ಮಾಸಿದರೂ ತಂತಿ ಉಳಿಯುತ್ತದೆ. ಕೆಂಟರ್ ಎಂದು ಕರೆಯುವ ಈ ಜೋಡಣೆ ಕೊಂಡಿಯನ್ನು ಹತ್ತಿರದಿಂದ ನೋಡಬೇಕು: ಒಂದಕ್ಕೊಂದು ಕೂಡುವ ಎರಡು ಅರ್ಧ, ನಡುವೆ ಒಂದು ಗಂಬ, ಎಲ್ಲವನ್ನೂ ಓರೆಯಾಗಿ ಹಾದುಹೋಗುವ ಒಂದು ಮೊನಚು ಪಿನ್ನು, ಆ ಪಿನ್ನು ಜಾರದಂತೆ ರಂಧ್ರದ ಬಾಯಿಗೆ ಬಡಿದ ಸೀಸದ ಗುಂಡು. ಆ ಸಣ್ಣ ಸೀಸ ಬಿದ್ದುಹೋದರೆ ಪಿನ್ನು ಮೆಲ್ಲಗೆ ಜಾರುತ್ತದೆ, ಒಂದು ದಿನ 10 ಟನ್ ಲಂಗರು ಸಮುದ್ರದ ಪಾಲು. ಪ್ರತಿ ಸಲ ಲಂಗರು ಮೇಲೆ ಬಂದಾಗ ಈ ಸೀಸವನ್ನೂ ಲಂಗರಿನ ಹತ್ತಿರದ ತಿರುಗುಣಿಯ ಸವೆತವನ್ನೂ ನೋಡುವ ಅಭ್ಯಾಸ ಇರಬೇಕು. ಕೊಂಡಿಯ ಸರಾಸರಿ ದಪ್ಪ ಮೂಲ ಅಳತೆಗಿಂತ ಶೇ. 12ರಷ್ಟು ಸವೆದರೆ ಆ ಭಾಗವನ್ನು ಬದಲಿಸಲೇಬೇಕು.

ಬೇಕಾದಷ್ಟು ಬಿಟ್ಟ ಮೇಲೆ ಬ್ರೇಕ್ ಹಿಡಿದರೆ ಸರಪಳಿ ಉದ್ದಕ್ಕೆ ಚಾಚಿ ಬಿಗಿಯುತ್ತದೆ, ಹಡಗು ನಿಧಾನಕ್ಕೆ ಮುಂದೆ ಬಂದು ಸರಪಳಿ ಸಡಿಲಾಗುತ್ತದೆ. ಆಗ ಲಂಗರು ಹಿಡಿಯಿತು ಎಂದರ್ಥ. ಬಿಗಿದ ಸರಪಳಿ ಅದುರುತ್ತ, ಜರ್ಕು ಹೊಡೆಯುತ್ತಿದ್ದರೆ ಹಿಡಿದಿಲ್ಲ. ಹಿಡಿದ ನಂತರ, ಸರಪಳಿಯನ್ನು ತಡೆದು ನಿಲ್ಲಿಸುವ ಚೈನ್ ಸ್ಟಾಪರಿನ ಅಡ್ಡಪಟ್ಟಿ ಬೀಳಿಸಬೇಕು. ಅದು ಮಲಗಿದ ಕೊಂಡಿಯ ಮೇಲೆ ಕೂತು, ಒಳಬದಿಯಲ್ಲಿ ನಿಂತಿರುವ ಕೊಂಡಿಯನ್ನು ತಡೆಯಬೇಕು; ಹಾಗೆ ಕೂರದಿದ್ದರೆ ಸರಪಳಿಯನ್ನು ಒಂದು ಕೊಂಡಿಯಷ್ಟು ಹೊಂದಿಸಿಕೊಳ್ಳಬೇಕು. ಇದನ್ನು ಬಿಟ್ಟು ಬ್ರೇಕನ್ನೇ ನಂಬುವ ಹಡಗುಗಳಿವೆ, ಅದು ತಪ್ಪು. ಸ್ಟಾಪರ್ ಇರುವ ಹಡಗಿನಲ್ಲಿ ಬ್ರೇಕು ಸರಪಳಿಯ ತುಂಡಾಗುವ ಬಲದ ಶೇ. 45ರಷ್ಟು ತಡೆದರೆ ಸಾಕು ಎಂಬುದು ನಿಯಮ, ಸ್ಟಾಪರ್ ಶೇ. 80ರಷ್ಟು ತಡೆಯಬೇಕು.

ಇಲ್ಲಿಂದ ಕಾವಲು ಶುರು. ಹಗಲಿನಲ್ಲಿ ಮುಂಭಾಗದಲ್ಲಿ ಕಪ್ಪು ಚೆಂಡು. ರಾತ್ರಿ ಮುಂದೆ ಒಂದು, ಹಿಂದೆ ಅದಕ್ಕಿಂತ ತಗ್ಗಿನಲ್ಲಿ ಇನ್ನೊಂದು ಬಿಳಿ ದೀಪ. 100 ಮೀಟರಿಗಿಂತ ಉದ್ದದ ಹಡಗಾದರೆ ಡೆಕ್ಕಿನ ದೀಪಗಳನ್ನೂ ಉರಿಸಬೇಕು. ಮಂಜು ಕವಿದರೆ ನಿಮಿಷಕ್ಕೊಮ್ಮೆ ಮುಂದೆ ಐದು ಸೆಕೆಂಡ್ ಗಂಟೆ, ಉದ್ದದ ಹಡಗಿನಲ್ಲಿ ಹಿಂದೆ ಜಾಗಟೆ. ಹಡಗಿನ ಸ್ಥಾನ ನೋಡಿ ಅಲಾರಂ ಕೂಗುವ ಯಂತ್ರಕ್ಕೆ ಲಂಗರಿನ ವೃತ್ತ ಕೊಡುವಾಗ ಪದೇ ಪದೇ ಆಗುವ ತಪ್ಪು ಒಂದಿದೆ. ಲಂಗರು ಬೀಳುವುದು ಹಡಗಿನ ಮುಂತುದಿಯಲ್ಲಿ, ಜಿಪಿಎಸ್ ಆಂಟೆನಾ ಇರುವುದು ಹಿಂದಿನ ಬ್ರಿಡ್ಜಿನ ಮೇಲೆ, ಸುಮಾರು 190 ಮೀಟರ್ ದೂರದಲ್ಲಿ. ಲಂಗರು ಬಿದ್ದ ಗಳಿಗೆಯಲ್ಲಿ ಆಂಟೆನಾದ ಸ್ಥಾನವನ್ನೇ ವೃತ್ತದ ಕೇಂದ್ರ ಮಾಡಿಕೊಂಡರೆ ಇಡೀ ವೃತ್ತ ಅಷ್ಟು ಪಕ್ಕಕ್ಕೆ ಹೋಗುತ್ತದೆ. ಅಲಾರಂ ಒಂದೋ ಸುಮ್ಮಸುಮ್ಮನೆ ಕೂಗುತ್ತದೆ, ಇಲ್ಲವೇ ಕೂಗಬೇಕಾದಾಗ ಸುಮ್ಮನಿರುತ್ತದೆ. ಎರಡನೆಯದು ಹಡಗು ಕಳೆಯುವ ತಪ್ಪು.

ಲಂಗರು ಎಳೆದುಕೊಂಡು ಹೋಗುತ್ತಿದೆ ಎಂದು ತಿಳಿಯುವುದು ಹೇಗೆ? ಗಾಳಿಯಲ್ಲಿ ನಿಂತ ಹಡಗು ಎಡಕ್ಕೂ ಬಲಕ್ಕೂ ತೊನೆಯುತ್ತ ಎಂಟರ ಆಕಾರ ಬರೆಯುವುದು ಸಹಜ. ಆ ತೊನೆತ ನಿಂತು, ಹಡಗು ಒಂದೇ ಪಕ್ಕವನ್ನು ಗಾಳಿಗೆ ಕೊಟ್ಟು ಉಳಿದುಬಿಟ್ಟರೆ ಲಂಗರಿನ ಹಿಡಿತ ತಪ್ಪಿದೆ. ಸರಪಳಿಯ ಮೇಲೆ ಕೈಯಿಟ್ಟರೆ, ಇಲ್ಲವೇ ಕಾಲಡಿಯ ಡೆಕ್ಕಿನಲ್ಲೇ, ಗರಗರ ಅದುರುವುದು ಗೊತ್ತಾಗುತ್ತದೆ. ದಡದ ಗುರುತುಗಳ ದಿಕ್ಕು ಒಂದೇ ಕಡೆಗೆ ಸರಿಯುತ್ತಾ ಹೋಗುತ್ತದೆ.

ಆ ಹೊತ್ತಿಗೆ ಎಷ್ಟು ಸಮಯ ಉಳಿದಿರುತ್ತದೆ ಎಂಬ ಲೆಕ್ಕವನ್ನು ಕಾವಲಿನ ಅಧಿಕಾರಿ ಮುಂಚೆಯೇ ಮಾಡಿಟ್ಟಿರಬೇಕು. ದಡ 2 ನಾಟಿಕಲ್ ಮೈಲು ದೂರ. ಹಡಗು 3 ನಾಟಿನಲ್ಲಿ ತೇಲುತ್ತಿದೆ. ಉಳಿದದ್ದು 40 ನಿಮಿಷ. ಎಂಜಿನ್ ಸಿದ್ಧವಾಗಲು 20 ನಿಮಿಷ ಅನ್ನಿ. ಒಂಬತ್ತು ಶ್ಯಾಕಲ್ ಎತ್ತಲು ನಿಮಿಷಕ್ಕೆ 9 ಮೀಟರಿನಂತೆ 27 ನಿಮಿಷ, ಅದೂ ಶಾಂತ ನೀರಿನಲ್ಲಿ. ಒಟ್ಟು 47. ಲಂಗರು ಎಳೆಯುವುದು (ಡ್ರ್ಯಾಗಿಂಗ್) ಶುರುವಾದ ಮೇಲೆ ನಿರ್ಧಾರ ಮಾಡೋಣ ಎಂದು ಕೂತವರಿಗೆ ಲೆಕ್ಕದಲ್ಲೇ ಸಮಯವಿಲ್ಲ. ಹವಾ ಮುನ್ಸೂಚನೆ ಕೆಡುತ್ತಿದ್ದಂತೆ ಎಂಜಿನ್ ಸಿದ್ಧವಿರಬೇಕು; ಸರಪಳಿ ಎತ್ತಲು ಇನ್ನೂ ಸುಲಭವಿರುವಾಗಲೇ ಎತ್ತಿ ತೆರೆದ ಕಡಲಿಗೆ ಹೊರಡಬೇಕು.

ಆಸ್ಟ್ರೇಲಿಯಾದ ನ್ಯೂಕಾಸಲ್ ಬಂದರಿನ ಹೊರಗೆ 2007ರ ಜೂನಿನಲ್ಲಿ ಇದೇ ನಡೆಯಿತು. ಕಲ್ಲಿದ್ದಲು ತುಂಬಿಸಿಕೊಳ್ಳಲು ಹತ್ತಾರು ಹಡಗುಗಳು ಅಲ್ಲಿ ಕಾಯುತ್ತಿದ್ದವು. ಬಿರುಗಾಳಿಯ ಮುನ್ಸೂಚನೆ ಬಂದಿತ್ತು. ಬಹಳಷ್ಟು ಹಡಗುಗಳು ಲಂಗರು ಎತ್ತಿ ಹೊರಟವು. ಪಾಶಾ ಬಲ್ಕರ್ ಎಂಬ ಖಾಲಿ ಹಡಗು ಉಳಿಯಿತು. ಕೆಟ್ಟ ಹವೆಗೆ ಬೇಕಾದಷ್ಟು ಬ್ಯಾಲಾಸ್ಟ್ ಅದರಲ್ಲಿರಲಿಲ್ಲ. ಜೂನ್ 8ರ ಬೆಳಿಗ್ಗೆ ಲಂಗರು ಎಳೆಯತೊಡಗಿದ ಮೇಲಷ್ಟೇ ಎತ್ತಿದರು. ಗಾಳಿಗೆ ಮುಖ ಕೊಟ್ಟು ದಡದಿಂದ ದೂರ ಹೋಗಲು ಹಡಗಿಗೆ ಆಗಲಿಲ್ಲ. ನಾಬೀಸ್ ಬೀಚಿನ ಮೇಲೆ ಬಂದು ಕೂತಿತು. ಸಿಬ್ಬಂದಿಯನ್ನು ಹೆಲಿಕಾಪ್ಟರಿನಿಂದ ಎತ್ತಿ ಉಳಿಸಿದರು. ಹಡಗನ್ನು ಮತ್ತೆ ನೀರಿಗಿಳಿಸಿದ್ದು ಜುಲೈ 2ರಂದು. 2018ರ ಸೆಪ್ಟೆಂಬರ್ 4ರಂದು ಜಪಾನಿನ ಒಸಾಕಾ ಕೊಲ್ಲಿಯಲ್ಲಿ ಜೆಬಿ ಚಂಡಮಾರುತಕ್ಕೆ ಲಂಗರಿನ ಹಿಡಿತ ತಪ್ಪಿದ ಟ್ಯಾಂಕರೊಂದು ಕನ್ಸಾಯ್ ವಿಮಾನ ನಿಲ್ದಾಣದ ಸೇತುವೆಗೇ ಬಡಿಯಿತು.

ಎತ್ತುವಾಗಿನ ಅಪಾಯ ಬೇರೆ. ಬಿಗಿದ ಸರಪಳಿಯನ್ನು ವಿಂಡ್‌ಲಾಸಿನ ಬಲದಿಂದ ಎಳೆಯಲು ಹೋಗಬಾರದು. ಆ ಯಂತ್ರ ಇರುವುದು ಲಂಗರನ್ನೂ ತೂಗುವ ಸರಪಳಿಯನ್ನೂ ಎತ್ತಲು. ಹಡಗನ್ನೇ ಗಾಳಿಗೆದುರಾಗಿ ಎಳೆಯಲು ಅಲ್ಲ. ಬಲವಂತ ಮಾಡಿದರೆ ಹೈಡ್ರಾಲಿಕ್ ಮೋಟಾರು ಒಡೆದು ಚೂರು ಹಾರಿ, ಪಕ್ಕದಲ್ಲಿ ನಿಂತವರಿಗೆ ಪ್ರಾಣಾಂತಿಕವಾಗುತ್ತದೆ. ಸರಪಳಿ ಬಿಗಿದಾಗ ನಿಲ್ಲಿಸಿ, ಎಂಜಿನ್ನನ್ನು ಮೆಲ್ಲಗೆ ಮುಂದಕ್ಕೆ ಕೊಟ್ಟು, ಸಡಿಲಾದಾಗ ಎಳೆಯಬೇಕು. ಸರಪಳಿ ಯಾವ ದಿಕ್ಕಿಗೆ ಚಾಚಿದೆ ಎಂದು ಮುಂಭಾಗದವರು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಬ್ರಿಡ್ಜಿಗೆ ಹೇಳುತ್ತಲೇ ಇರಬೇಕು. ಎತ್ತಿ ಮುಗಿದ ಮೇಲೆ ಸ್ಟಾಪರ್, ಬ್ರೇಕ್, ಅದರ ಮೇಲೆ ತಂತಿ ಹಗ್ಗದ ಬಿಗಿತ, ಮೂರೂ ಇರಬೇಕು. ಓಡುವ ಹಡಗಿನ ಲಂಗರು ತಳ ಮುಟ್ಟಿದರೆ ಅಲ್ಲಿರುವ ಕೊಳವೆ, ಕೇಬಲ್ಲಿಗೆ ಅಪಾಯ. 2023ರ ಅಕ್ಟೋಬರಿನಲ್ಲಿ ಫಿನ್ಲೆಂಡ್-ಎಸ್ಟೋನಿಯಾ ನಡುವಿನ ಬಾಲ್ಟಿಕ್‌ಕನೆಕ್ಟರ್ ಅನಿಲ ಕೊಳವೆ ಹರಿದ ಜಾಗದಲ್ಲಿ ತಳದಿಂದ ಮೇಲೆತ್ತಿದ್ದು ಒಂದು ಹಡಗಿನ ಲಂಗರನ್ನು.

ಸಭೆಯಲ್ಲಿ ಬಂದ ಮೂರು ಪ್ರಶ್ನೆಗಳು ಎಲ್ಲರಿಗೂ ಉಪಯೋಗ ಬೀಳುವಂಥವು.

ಎರಡೂ ಲಂಗರು ಹಾಕಿದರೆ ಹಿಡಿತ ಎರಡು ಪಟ್ಟು ಆಗುವುದಿಲ್ಲವೇ? ಗಾಳಿಯ ದಿಕ್ಕು ಬದಲಾಗುವ ಕಡೆ ಎರಡು ಉದ್ದ ಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ತುರ್ತಿನಲ್ಲಿ ಬಿಡಿಸಲು ಆಗುವುದಿಲ್ಲ. ಎರಡನೆಯದನ್ನು ಆಳದ ಒಂದೂವರೆ ಪಟ್ಟು ಸರಪಳಿಯಲ್ಲಿ ಮೂತಿಯ ಕೆಳಗೇ ಇಳಿಸಿದರೆ ತೊನೆತ ಕಡಿಮೆಯಾಗುತ್ತದೆ, ಮೊದಲ ಲಂಗರಿನ ಮೇಲಿನ ಹೊಡೆತವೂ ತಗ್ಗುತ್ತದೆ. ಅಷ್ಟಕ್ಕೇ ಅದನ್ನು ಬಳಸಬೇಕು.

ಮೀನುಗಾರಿಕೆ ದೋಣಿಗಳಿಗೆ ಇದರಲ್ಲಿ ಏನಿದೆ? ತತ್ವ ಒಂದೇ. ದೋಣಿಯಲ್ಲಿ ಸರಪಳಿಯ ಬದಲು ಬಳಸುವ ಹಗ್ಗ ಹಗುರ, ತಾನಾಗಿ ಜೋತುಬೀಳದು. ಹಾಗಾಗಿ ಲಂಗರಿನ ತುದಿಗೆ ಕೆಲವು ಮೀಟರ್ ಸರಪಳಿ ಕಟ್ಟಿ, ಆಮೇಲೆ ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಡಿ. ಹಗ್ಗ ಅಂಚಿಗೆ ಉಜ್ಜುವ ಕಡೆ ಹಳೆಯ ಪೈಪಿನ ತುಂಡು ಸುತ್ತಿ. ಬಂಡೆಯಿರುವ ಕಡೆ ಹಗ್ಗವನ್ನು ಲಂಗರಿನ ಬುಡಕ್ಕೆ ಕಟ್ಟಿ, ದಂಡದ ತುದಿಗೆ ತೆಳು ದಾರದಿಂದ ಬಿಗಿಯಿರಿ. ಸಿಕ್ಕಿಕೊಂಡರೆ ಜೋರಾಗಿ ಎಳೆದಾಗ ದಾರ ಹರಿದು ಬುಡದಿಂದ ಬಿಡಿಸಿಕೊಳ್ಳುತ್ತದೆ. ರಾತ್ರಿ ನಿಲ್ಲುವಾಗ, ಗಾಳಿ ಏರುವ ಸೂಚನೆಯಿದ್ದಾಗ ಹೀಗೆ ಕಟ್ಟಬೇಡಿ; ಆ ದಾರ ನಡುರಾತ್ರಿಯೂ ಹರಿಯಬಹುದು.

ಎತ್ತಲು ಸಮಯವೇ ಇಲ್ಲದಿದ್ದರೆ ಸರಪಳಿಯನ್ನೇ ಬಿಟ್ಟು ಹೋಗಬಹುದೇ? ಹೋಗಬಹುದು, ಕೆಲವೊಮ್ಮೆ ಹೋಗಲೇಬೇಕು. ಸರಪಳಿಯ ಬುಡವನ್ನು ಹಡಗಿಗೆ ಹಿಡಿದಿರುವ ಪಿನ್ನನ್ನು ಸರಪಳಿ ಕೋಣೆಯ ಹೊರಗಿನಿಂದಲೇ ಬಿಡಿಸುವಂತೆ ಮಾಡಿರುತ್ತಾರೆ. ಆ ಪಿನ್ನು ತುಕ್ಕು ಹಿಡಿದು ಕಚ್ಚಿಕೊಳ್ಳುವುದೇ ದೊಡ್ಡ ತೊಂದರೆ. ಅದಕ್ಕೆ ಆಗಾಗ ಗ್ರೀಸ್ ಹಚ್ಚಿ, ಸುತ್ತಿಗೆ ಪಕ್ಕದಲ್ಲೇ ಇಟ್ಟಿರಬೇಕು. ಬಿಡುವ ಮೊದಲು ಸಾಧ್ಯವಾದರೆ ಸರಪಳಿಯ ತುದಿಗೆ ಹಗ್ಗ ಕಟ್ಟಿ ಬೋಯ್ ತೇಲಿಬಿಡಬೇಕು, ಅಕ್ಷಾಂಶ-ರೇಖಾಂಶ ಬರೆದುಕೊಂಡು ಬಂದರಿಗೆ ತಿಳಿಸಬೇಕು. ಆಮೇಲೆ ಆ ಸರಪಳಿಯನ್ನು ಎತ್ತಿಸಬಹುದು, ಅಲ್ಲಿಗೆ ಬರುವ ಮುಂದಿನ ಹಡಗಿಗೂ ಎಚ್ಚರಿಕೆ ಹೋಗುತ್ತದೆ.